ಐವತ್ತು ಸೆಂಟಿನೊಳಗಿನ ಗೆಲುವು

ನನ್ನ ಅಂಗಡಿಯ ಗಲ್ಲಾದ ಹಿಂದೆ, ದೇವರ ಫೋಟೋದ ಪಕ್ಕದಲ್ಲೇ, ಒಂದು ತಾಮ್ರದ ಆಲಿಕೆ ಮೂರು ವರ್ಷ ನೇತಾಡುತ್ತಿತ್ತು. ಮೂಡಿಗೆರೆಯಲ್ಲಿ ಪೈಪು, ಸ್ಪ್ರಿಂಕ್ಲರ್ ಬಿಡಿಭಾಗ ಮಾರುವ ಅಂಗಡಿ ನನ್ನದು. ಹಾಗಾಗಿ ಬಂದ ಗಿರಾಕಿಗಳು ಅದನ್ನು ನೋಡಿ, "ಇದು ಎಷ್ಟಿಂಚಿನ ಪೈಪಿಗೆ ಕೂರುತ್ತೆ?" ಎಂದು ಕೇಳುವುದು ಸಹಜವಾಗಿತ್ತು. ಮಾರಾಟಕ್ಕಲ್ಲ, ಅದು ಟ್ರೋಫಿ ಎಂದು ನಾನು ಹೇಳುತ್ತಿದ್ದೆ. ಯಾತರದ್ದು ಎಂದು ಕೇಳಿದರೆ ಯುದ್ಧದ್ದು ಎನ್ನುತ್ತಿದ್ದೆ. ಅಲ್ಲಿಗೆ ಅವರು ಎಲ್ಬೋ, ಟೀ ಜಾಯಿಂಟು ಕಟ್ಟಿಸಿಕೊಂಡು ಬೇಗ ಜಾಗ ಖಾಲಿ ಮಾಡುತ್ತಿದ್ದರು.

ಯುದ್ಧ ನಡೆಯುತ್ತಿದ್ದದ್ದು ಗೋಣಿಬೀಡಿನ ಹತ್ತಿರ, ನಮ್ಮ ಗೌಡರ ಎಸ್ಟೇಟಿನ ಗೋಡೌನಿನಲ್ಲಿ, ಭಾನುವಾರ ಊಟವಾದ ಮೇಲೆ. ಗೌಡರು ತೋಟದ ಜೊತೆಗೆ ಒಂದು ಹೋಂಸ್ಟೇಯನ್ನೂ ಇಟ್ಟಿದ್ದಾರೆ. ಅಲ್ಲಿ ಉಳಿದಿದ್ದ ಯಾರೋ ಒಂದು ದೊಡ್ಡ ಪೆಟ್ಟಿಗೆ ಮರೆತು ಹೋಗಿದ್ದ. ತೆರೆದು ನೋಡಿದರೆ ಬೆರಳುದ್ದದ ಬಣ್ಣದ ಸೈನಿಕರು, ದಾಳಗಳು, ಅಳತೆಯ ಟೇಪು, ಒಂದು ದಪ್ಪ ನಿಯಮದ ಪುಸ್ತಕ. ಗೌಡರು ಫೋನ್ ಮಾಡಿದರೆ ಆ ಮನುಷ್ಯ, "ನೀವೇ ಇಟ್ಕೊಳ್ಳಿ ಸಾರ್, ನನ್ನ ಹೆಂಡತಿ ಅದನ್ನ ಇನ್ನು ಮನೆಯೊಳಗೆ ಬಿಡೋಲ್ಲ" ಎಂದನಂತೆ. ಆ ಹೆಂಗಸಿನ ದೂರದೃಷ್ಟಿಯನ್ನು ನಾವು ಅಂದೇ ಗೌರವಿಸಬೇಕಿತ್ತು.

ನಾವು ನಾಲ್ಕು ಜನ. ನಾಲ್ವರೂ ಕೂದಲು ನರೆತವರು, ಮನೆಯಲ್ಲಿ ಯಾರೂ ಮಾತು ಕೇಳದವರು. ಎರಡು ಹಳೆಯ ಬಾಗಿಲುಗಳನ್ನು ಪಾರ್ಚ್‌ಮೆಂಟ್ ಕಾಫಿ ತುಂಬಿದ ಚೀಲಗಳ ಮೇಲೆ ಹಾಸಿ ಮೇಜು ಮಾಡಿದೆವು. ಗೋಣಿಚೀಲ ಮಡಿಚಿಟ್ಟರೆ ಗುಡ್ಡ, ಮರದಿಂದ ಕೆರೆದು ತಂದ ಪಾಚಿ ಹಾಕಿದರೆ ಕಾಡು. ಮೇಜಿನ ಒಂದೊಂದು ಮೂಲೆಗೆ ಒಬ್ಬೊಬ್ಬರ ಸೈನ್ಯ. ಗೌಡರದು ಕುದುರೆ ದಂಡು. ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೂ ಹತ್ತು ಸಲ ಯೋಚಿಸುವ ಮನುಷ್ಯ, ಮೇಜಿನ ಮೇಲೆ ಮಾತ್ರ ಮೊದಲ ಸುತ್ತಿಗೇ ಎಲ್ಲ ಕುದುರೆಗಳನ್ನೂ ನುಗ್ಗಿಸುತ್ತಿದ್ದರು. ಅವರ ಎಸ್ಟೇಟಿನಲ್ಲೇ ಮೂವತ್ತು ವರ್ಷ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದು ನಿವೃತ್ತರಾದವರು ಎರಡನೆಯವರು. ಅವರ ಕಾಲಾಳುಗಳು ಬೆಳಿಗ್ಗೆ ಹಾಜರಿಗೆ ನಿಂತ ಆಳುಗಳ ಹಾಗೆ ಸಾಲಾಗಿ ನಿಂತಿರುತ್ತಿದ್ದರು, ಸಾಯುವಾಗಲೂ ಸಾಲು ಕೆಡಿಸುತ್ತಿರಲಿಲ್ಲ. ಮೂರನೆಯವನು ಮೂಡಿಗೆರೆಯಿಂದ ತೋಟಗಳಿಗೆ ಜೀಪು ಓಡಿಸುವವನು. ದಾರಿಯಲ್ಲಿ ಆನೆ ಕಂಡರೆ ಅರ್ಧ ಮೈಲಿ ರಿವರ್ಸ್ ಬರುವ ಈ ಶೂರ ಇಲ್ಲಿ ಆನೆಪಡೆಯ ಸೇನಾಪತಿ.

ನನ್ನದು ಫಿರಂಗಿ. ದೂರದಲ್ಲಿ ನಿಂತು ಹೊಡೆಯುವ ಸೈನ್ಯ ನನ್ನದೊಂದೇ. ಬುದ್ಧಿ ಇದ್ದವನು ಫಿರಂಗಿಯನ್ನೇ ಆರಿಸಿಕೊಳ್ಳುತ್ತಾನೆ ಎಂದು ನಾನು ಆಗಾಗ ಹೇಳುತ್ತಿದ್ದೆ. ಮೂವರೂ ಕೇಳಿಸಿಕೊಂಡು ಸುಮ್ಮನಿರುತ್ತಿದ್ದರು. ಒಪ್ಪಿಕೊಂಡರು ಎಂದು ನಾನು ತಿಳಿದಿದ್ದೆ.

ಮೊದಲ ದಿನಗಳಲ್ಲಿ ಆಟಕ್ಕಿಂತ ಜಗಳವೇ ಹೆಚ್ಚು. ಕಾಫಿ ಬೆಳೆಗಾರರಿಗೆ ಇಂಚು ಎಂದರೆ ಮಳೆ. ಇಂಚಿಗೆ ನೂರು ಸೆಂಟು. ದಿನಾ ಬೆಳಿಗ್ಗೆ ಮಳೆಮಾಪಕದ ನೀರು ಅಳೆದು, ಎರಡಿಂಚು ನಲವತ್ತು ಸೆಂಟು ಎಂದು ಪುಸ್ತಕದಲ್ಲಿ ಬರೆಯದಿದ್ದರೆ ಅವರಿಗೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಹಾಗಾಗಿ ಗೌಡರು ಮೇಜಿನ ಮೇಲೂ ಟೇಪು ಹಿಡಿದು, "ಹನ್ನೆರಡು ಇಂಚು ಮೂವತ್ತು ಸೆಂಟು" ಎಂದು ಸಾರುತ್ತಿದ್ದರು. ನಾನು ಹನ್ನೊಂದು ಇಂಚು ತೊಂಬತ್ತು ಸೆಂಟು ಎನ್ನುತ್ತಿದ್ದೆ. ರೈಟರು ಕನ್ನಡಕ ಒರೆಸಿಕೊಂಡು ಮೂರನೆಯದೇ ಒಂದು ಅಳತೆ ಹೇಳುತ್ತಿದ್ದರು. ಅಷ್ಟರಲ್ಲಿ ಜೀಪಿನವನ ಕೊನೆಯ ಟ್ರಿಪ್ಪಿನ ಹೊತ್ತಾಗಿ, ಹೆಚ್ಚಿನ ಸಲ ಯಾರೂ ಸಾಯದೆ ಯುದ್ಧ ಮುಗಿಯುತ್ತಿತ್ತು.

ಇದಕ್ಕೊಂದು ಪರಿಹಾರ ಹುಡುಕಿದವನು ನಾನು. ಡಿಪ್ಲೊಮಾ ಓದಿದವನಿಗೆ ಪೈಪು ಮಾರಿ ಮಾರಿ ತುಕ್ಕು ಹಿಡಿಯಬಾರದೆಂದು ಫೋನಿಗೆ ಆ್ಯಪ್ ಬರೆಯುವುದನ್ನು ನಾನೇ ಕಲಿತಿದ್ದೆ. ಗೌಡರಿಗೆ ಅದಕ್ಕೂ ಮೊದಲೇ ಮಳೆ ಲೆಕ್ಕ ಬರೆದಿಡಲು ಒಂದು ಮಳೆ ಆ್ಯಪ್ ಮಾಡಿಕೊಟ್ಟಿದ್ದೆ. ಅದನ್ನೇ ಹಿಗ್ಗಿಸಿ ಯುದ್ಧದ ಆ್ಯಪ್ ಮಾಡಿದೆ. ನಿಯಮಗಳನ್ನೆಲ್ಲ ಕನ್ನಡಕ್ಕೆ ತಂದೆ. ಇಂಚು ಎಷ್ಟು, ಸೆಂಟು ಎಷ್ಟು ಎಂದು ಒತ್ತಿದರೆ ಗುಂಡು ತಗುಲಿತೋ ಇಲ್ಲವೋ ಎಂದು ಅದೇ ಹೇಳುತ್ತಿತ್ತು. ಯಾರ ಅಳತೆ ಒತ್ತಿದರೂ ಉತ್ತರ ಒಂದೇ ಬರುತ್ತಿದ್ದರಿಂದ ಅಲ್ಲಿಂದ ಮುಂದೆ ಜಗಳ ನಿಂತಿತು. ನನ್ನ ಗೆಲುವೂ ಶುರುವಾಯಿತು. ಗೌಡರು ಹಳೆಯ ಮಳೆಮಾಪಕದ ತಾಮ್ರದ ಆಲಿಕೆಯನ್ನು ವರ್ಷದ ಟ್ರೋಫಿ ಎಂದು ಘೋಷಿಸಿದರು. ಅದು ಸೀದಾ ನನ್ನ ಅಂಗಡಿಗೆ ಬಂದು ಅಲ್ಲೇ ತಳವೂರಿತು.

ಆ್ಯಪ್ ಬರೆಯುವುದು ಒಂದು ಕಷ್ಟವಾದರೆ, ಅದನ್ನು ಹೊಸದು ಮಾಡುತ್ತ ಇರುವುದು ಇನ್ನೊಂದು. ಆಟ ಮಾಡಿದ ಪರದೇಶದ ಕಂಪನಿಯವರಿಗೆ ಕೆಲವು ತಿಂಗಳಿಗೊಮ್ಮೆ ಜ್ಞಾನೋದಯವಾಗುತ್ತದೆ. ನಿನ್ನೆಯವರೆಗೆ ಎಂಟಿಂಚು ಓಡುತ್ತಿದ್ದ ಕುದುರೆ ಇಂದಿನಿಂದ ಏಳೇ ಇಂಚು ಓಡತಕ್ಕದ್ದು ಎಂದು ಕಡತ ಕಳಿಸುತ್ತಾರೆ. ಕುದುರೆಗೆ ಏನಾಯಿತು ಎಂದು ಹೇಳುವುದಿಲ್ಲ. ನಾನು ಅದನ್ನೆಲ್ಲ ತಿದ್ದಿ, ಭಾನುವಾರ ಗೋಡೌನಿಗೆ ಹೋಗಿ, ನೆಟ್‌ವರ್ಕ್ ಇಲ್ಲದ ಆ ಜಾಗದಲ್ಲಿ ನನ್ನ ಫೋನಿನಿಂದ ಒಬ್ಬೊಬ್ಬರ ಫೋನಿಗೂ ದಾಟಿಸುತ್ತಿದ್ದೆ. ಪ್ರತಿ ಸಲವೂ ಫೋನು, ಈ ಆ್ಯಪ್‌ನಿಂದ ಹಾನಿಯಾಗಬಹುದು ಎಂದು ಎಚ್ಚರಿಸುತ್ತಿತ್ತು. ಪ್ರತಿ ಸಲವೂ ಗೌಡರು, "ಹಾನಿ ಅಂತ ಹೇಳ್ತಾ ಉಂಟಲ್ಲ ಮಾರಾಯ್ರೆ, ಎಂತ ಮಾಡುದು?" ಎಂದು ಕೇಳುತ್ತಿದ್ದರು. ಪ್ರತಿ ಸಲವೂ ನನಗೆ ಮೈ ಉರಿಯುತ್ತಿತ್ತು. "ಒತ್ತಿ ಗೌಡ್ರೆ, ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ನಾನೇ ಒತ್ತಿಬಿಡುತ್ತಿದ್ದೆ.

ಈ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಮುಗಿದ ಹೊತ್ತಿಗೆ ಕಂಪನಿಯಿಂದ ದೊಡ್ಡ ಕಡತವೇ ಬಂತು. ಮಧ್ಯಾಹ್ನ ಅಂಗಡಿಯ ಷಟರ್ ಅರ್ಧ ಎಳೆದು, ಊಟದ ಡಬ್ಬಿ ಪಕ್ಕಕ್ಕಿಟ್ಟು ತಿದ್ದಲು ಕೂತೆ. ಎಲ್ಲೋ ಒಂದು ಕಡೆ ಲೆಕ್ಕ ಕೂರಲಿಲ್ಲ. ಕಾರಣ ಹುಡುಕುತ್ತ ಮೊದಲ ವರ್ಷ ಬರೆದ ಸಾಲುಗಳವರೆಗೆ ಹೋದೆ. ಅಲ್ಲಿ ಸಿಕ್ಕಿತು.

ಮಳೆ ಆ್ಯಪ್‌ನಲ್ಲಿ ಗೌಡರು ಒಂದು ಸೌಕರ್ಯ ಕೇಳಿದ್ದರು. ಅಕ್ಕಪಕ್ಕದ ತೋಟದವರಿಗೆ ಫೋನಿನಲ್ಲಿ ವಾರದ ಮಳೆ ಹೇಳುವಾಗ ಸೆಂಟು ಗಿಂಟು ಬೇಡ, ಪೂರ್ತಿ ಇಂಚು ಸಾಕು. ಐವತ್ತು ಸೆಂಟಿನ ಒಳಗಿದ್ದರೆ ಬಿಟ್ಟುಬಿಡಿ, ಮೇಲಿದ್ದರೆ ಒಂದಿಂಚು ಸೇರಿಸಿ. ಅದರಂತೆ ಬರೆದಿದ್ದೆ. ಯುದ್ಧದ ಆ್ಯಪ್ ಮಾಡುವಾಗ ಆ ಸಾಲನ್ನೂ ಸೇರಿಸಿ ಎತ್ತಿ ತಂದಿದ್ದೆ. ನಿಯಮದ ಪುಸ್ತಕ ಹೇಳುವುದು ಬೇರೆ: ದೂರ ಕೂದಲೆಳೆಯಷ್ಟು ಹೆಚ್ಚಾದರೂ ಗುಂಡು ತಗುಲುವಂತಿಲ್ಲ. ನನ್ನ ಫಿರಂಗಿಯ ಗುಂಡು ಹೋಗುವುದು ಹನ್ನೆರಡೇ ಇಂಚು. ಹನ್ನೆರಡರ ಮೇಲೆ ಐವತ್ತು ಸೆಂಟಿನೊಳಗೆ ಬಂದವರನ್ನೆಲ್ಲ ನಾನು ಇಷ್ಟು ವರ್ಷ ಸುಳ್ಳೇ ಕೊಂದಿದ್ದೆ. ಹೋದ ವರ್ಷದ ಕೊನೆಯ ಆಟದಲ್ಲಿ ಗೌಡರ ಕುದುರೆಗಳು ಸತ್ತದ್ದು ಹನ್ನೆರಡು ಇಂಚು ನಲವತ್ತು ಸೆಂಟಿನಲ್ಲಿ. ನಲವತ್ತು ಸೆಂಟು ಮಳೆ ಕಾಫಿಯ ಹೂವಿಗೂ ಸಾಲದು. ನನಗೆ ಮಾತ್ರ ಟ್ರೋಫಿಗೆ ಸಾಕಾಗಿತ್ತು.

ನಾಚಿಕೆಯಾಯಿತು. ಆದರೆ ನಾಚಿಕೆಯ ಹಿಂದೆಯೇ ಬುದ್ಧಿಯೂ ಓಡಿ ಬಂತು, ಅದು ಒಳ್ಳೆಯ ಬುದ್ಧಿಯಾಗಿರಲಿಲ್ಲ. ತಪ್ಪನ್ನು ತಿದ್ದಿದೆ. ಹೊಸ ಬದಲಾವಣೆಗಳ ಪಟ್ಟಿಯಲ್ಲಿ, ಕುದುರೆಯ ಕಾಲು ಕಡಿದದ್ದು, ಆನೆಗೆ ಹೆದರಿಕೆ ಹೆಚ್ಚಿಸಿದ್ದು ಎಲ್ಲ ಆದ ಮೇಲೆ, ಕಟ್ಟಕಡೆಗೆ ಒಂದು ಸಾಲು ಸೇರಿಸಿದೆ: "ಕಂಪನಿಯವರು ಅಳತೆಯನ್ನು ಬಿಗಿಗೊಳಿಸಿದ್ದಾರೆ; ಇನ್ನು ಮುಂದೆ ಸೆಂಟು ಬಿಡುವಂತಿಲ್ಲ." ಕಂಪನಿ ಸಾವಿರಾರು ಮೈಲಿ ದೂರದಲ್ಲಿದೆ, ಬಂದು ನನ್ನನ್ನು ಕೇಳುವುದಿಲ್ಲ. ಬೆನ್ನು ತಟ್ಟಿಕೊಂಡು ತಣ್ಣಗಾದ ಊಟ ಉಂಡೆ.

ಭಾನುವಾರ ಎಲ್ಲರ ಫೋನಿಗೂ ದಾಟಿಸಿದೆ. ಹಾನಿಯಾಗಬಹುದು ಎಂದು ಫೋನು ಹೇಳಿತು. ಅಂದು ಗೌಡರು ಕೇಳುವ ಮೊದಲೇ ನಾನು ಒತ್ತಿದೆ. ಆಮೇಲೆ ಪಟ್ಟಿಯನ್ನು ಜೋರಾಗಿ ಓದಿದೆ. ಕೊನೆಯ ಸಾಲಿಗೆ ಬಂದಾಗ ಜೀಪಿನವನು ರೈಟರ ಮುಖ ನೋಡಿದ. ರೈಟರು ಗೋಡೌನಿನ ತಗಡು ನೋಡಿದರು. ಆಮೇಲೆ ನಿಧಾನವಾಗಿ ತಮ್ಮ ಬಟ್ಟೆಯ ಚೀಲದಿಂದ ಒಂದು ಜೆರಾಕ್ಸ್ ಕಟ್ಟು ತೆಗೆದರು. ಆಟದ ಮೂಲ ಪುಸ್ತಕದ ಪ್ರತಿ. ಒಂದು ಪುಟ ತೆರೆದು ನನ್ನ ಮುಂದಿಟ್ಟರು. ಕೂದಲೆಳೆಯಷ್ಟು ಹೆಚ್ಚಾದರೂ ತಗುಲುವಂತಿಲ್ಲ ಎಂಬ ಸಾಲಿನ ಕೆಳಗೆ ಕೆಂಪು ಪೆನ್ಸಿಲಿನ ಗೆರೆ ಇತ್ತು. ಗೆರೆ ಮಾಸಿ ಹೋಗಿತ್ತು.

"ಇದು ಹೊಸದಲ್ಲ. ಮೊದ್ಲಿಂದ್ಲೂ ಹೀಗೇ ಇತ್ತು," ಎಂದರು ರೈಟರು.

"ನಿಮಗೆ ಗೊತ್ತಿತ್ತಾ?"

"ಎರಡನೇ ವಾರಕ್ಕೇ ಗೊತ್ತಾಯ್ತು. ಮೂವತ್ತು ವರ್ಷ ಮಳೆ ಬರ್ದೋನು ನಾನು. ಸೆಂಟು ಎಲ್ಲಿ ಹೋಯ್ತು ಅಂತ ನಂಗೆ ತಿಳಿಯೋದಿಲ್ವಾ?"

ಗೌಡರ ಕಡೆ ತಿರುಗಿದೆ. ಅವರು ಒಂದು ಕುದುರೆಯ ಬಾಲ ನೇವರಿಸುತ್ತ, "ಆ ಸೆಂಟು ಬಿಡೋ ಲೆಕ್ಕ ನಿಮಗೆ ಹೇಳ್ಕೊಟ್ಟೋನೇ ನಾನಲ್ವಾ," ಎಂದರು. ಜೀಪಿನವನು ಕೇಳದಿದ್ದರೂ ಹೇಳಿದ, "ನಂಗೂ ಗೊತ್ತಿತ್ತು ಅಣ್ಣ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ತಪ್ಪು ನನ್ನದಾದಾಗ ನನಗೆ ಸಿಟ್ಟು ಬೇಗ ಬರುತ್ತದೆ. ಗೊತ್ತಿದ್ದೂ ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ, ನನ್ನನ್ನು ಕೂರಿಸಿ ತಮಾಷೆ ನೋಡಿದಿರಾ ಎಂದು ಕೂಗಾಡಿದೆ. ಮೂವರೂ ನನ್ನ ಕೂಗು ಮುಗಿಯುವವರೆಗೆ ಕಾದರು. ಅಭ್ಯಾಸವಿದ್ದವರ ಹಾಗೆ ಕಾದರು.

"ಸೋತ್ರೆ ಮುಂದಿನ ವಾರ ನೀವು ಬರೋದಿಲ್ಲ ಅಲ್ವಾ ಅಣ್ಣ," ಎಂದ ಜೀಪಿನವನು. "ಆ್ಯಪ್ ಬರೋ ಮೊದ್ಲು ಎರಡು ಸಲ ಸೋತ್ರಿ. ಎರಡು ಸಲಾನೂ ಅಂಗಡೀಲಿ ಸ್ಟಾಕ್ ತೆಗೀಬೇಕು ಅಂದ್ರಿ. ನಾವು ಮೂರೇ ಜನ ಆಡಿದ್ವಿ. ಒಂದು ಮೂಲೆ ಖಾಲಿ ಬಿಟ್ಕೊಂಡು ಆಡೋದ್ರಲ್ಲಿ ಎಂತ ಮಜಾ ಉಂಟು?"

"ಒಂದು ತಿಂಗಳಲ್ಲಿ ಎರಡು ಸಲ ಸ್ಟಾಕು," ಎಂದರು ಗೌಡರು. "ಪೈಪು ಎಂತ ಮರಿ ಹಾಕ್ತದಾ ಮಾರಾಯ್ರೆ?"

ನಾನು ಫಿರಂಗಿ ಜೋಡಿಸಲು ಶುರು ಮಾಡಿದೆ. ಹೊಸ ಲೆಕ್ಕದಲ್ಲೇ ಆಡಿದೆವು. ಗೌಡರ ಕುದುರೆಗಳು ಹನ್ನೆರಡು ಇಂಚು ಇಪ್ಪತ್ತು ಸೆಂಟಿನಲ್ಲಿ ಬಂದು ನಿಂತವು. ಗುಂಡು ತಗುಲಲಿಲ್ಲ ಎಂದು ನನ್ನ ಆ್ಯಪ್ ನನಗೇ ಹೇಳಿತು. ಮುಂದಿನ ಸುತ್ತಿಗೆ ಅವು ನನ್ನ ಫಿರಂಗಿಗಳನ್ನು ಒಂದೂ ಬಿಡದೆ ಉರುಳಿಸಿದವು. ನನ್ನ ಮುಖ ನೋಡಿ ಗೌಡರು ಮೆಲ್ಲಗೆ, "ಬೇಕಾದ್ರೆ ಹಳೇ ಲೆಕ್ಕಾನೇ ಇಡುವ, ನಮಗೇನೂ ಇಲ್ಲ," ಎಂದರು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತು ಎದೆಗೆ ನಾಟಿತು.

ವಾರವಿಡೀ ಕುದಿಯುತ್ತಿದ್ದೆ. ಆ್ಯಪನ್ನೇ ಅಳಿಸಿಬಿಡುತ್ತೇನೆ ಎಂದುಕೊಂಡೆ, ಆಗ ಅವರು ಹೇಗೆ ಆಡುತ್ತಾರೋ ನೋಡೋಣ ಎಂದುಕೊಂಡೆ. ಅವರು ಕೆಂಪು ಗೆರೆ ಎಳೆದ ಜೆರಾಕ್ಸ್ ನೋಡಿಕೊಂಡು ಚೆನ್ನಾಗಿಯೇ ಆಡುತ್ತಾರೆ ಎಂದು ಹೊಳೆದಾಗ ಇನ್ನಷ್ಟು ಕುದಿದೆ. ಮೂರು ವರ್ಷ ನಾನು ಅವರಿಗೆ ಆಟ ಕಲಿಸುತ್ತಿದ್ದೇನೆ ಎಂದು ತಿಳಿದಿದ್ದೆ. ಅವರು ಹಟಮಾರಿ ಮಗುವಿಗೆ ಬಿಟ್ಟುಕೊಡುವ ಹಾಗೆ ನನಗೆ ಬಿಟ್ಟುಕೊಡುತ್ತಿದ್ದರು. ಭಾನುವಾರ ಊಟವಾದ ಮೇಲೆ ಚಪ್ಪಲಿ ಮೆಟ್ಟದೆ ಸುಮ್ಮನೆ ಜಗಲಿಯಲ್ಲಿ ಕೂತೆ. ಹೆಂಡತಿ ಒಳಗಿಂದಲೇ ಕೇಳಿದಳು, "ಈ ವಾರ ಸ್ಟಾಕಾ?"

ಎದ್ದು ಅಂಗಡಿಗೆ ಹೋದೆ. ದೇವರ ಫೋಟೋದ ಪಕ್ಕದಿಂದ ಆಲಿಕೆ ಇಳಿಸಿ, ಹಳೆಯ ಪೇಪರಿನಲ್ಲಿ ಸುತ್ತಿ, ಗೋಣಿಬೀಡಿನ ಬಸ್ಸು ಹತ್ತಿದೆ. ಪ್ರತಿ ವಾರ ನನ್ನನ್ನು ಕರೆದೊಯ್ಯುವ ಜೀಪಿನವನಿಗೆ ಫೋನ್ ಮಾಡಲಿಲ್ಲ.

ಗೋಡೌನಿನ ಬಾಗಿಲಲ್ಲಿ ನಿಂತಾಗ ಅವರು ಸೈನ್ಯ ಜೋಡಿಸಿ ಮುಗಿಸಿದ್ದರು. ಕುದುರೆ ಒಂದು ಮೂಲೆ, ಆನೆ ಒಂದು ಮೂಲೆ, ಕಾಲಾಳು ಒಂದು ಮೂಲೆ. ನನ್ನ ಫಿರಂಗಿಗಳು ಪೆಟ್ಟಿಗೆಯಲ್ಲೇ ಇದ್ದವು. ಮೇಜಿನ ಸುತ್ತ ಮೂರೇ ಕುರ್ಚಿ ಹಾಕಿದ್ದರು. ನನ್ನನ್ನು ನೋಡಿ ರೈಟರು ಅರ್ಧ ಎದ್ದರು, ಮತ್ತೆ ಕೂತರು. ನಾನು ಆಲಿಕೆಯನ್ನು ಗೌಡರ ಕೈಗೆ ಕೊಟ್ಟೆ. ನಾಲ್ಕನೇ ಕುರ್ಚಿಯನ್ನು ಒಳಗಿನಿಂದ ನಾನೇ ಎತ್ತಿಕೊಂಡು ಬಂದೆ.