ವಸಂತಿಯ ಹೆಸರಿನಲ್ಲಿ ಉಳಿದ ನನ್ನ ಸಾಲು

ಶೇಷಗಿರಿ ರಾಯರ ಪದಗಳನ್ನು ಅಳಿಸಿದ್ದು ವಸಂತಿಯಲ್ಲ, ನಾನು. ಇದು ನನಗೆ ಅಂದೇ ಗೊತ್ತಿತ್ತು. ಆರು ವರ್ಷ ಯಾರಿಗೂ ಹೇಳಲಿಲ್ಲ.

ನಮ್ಮದು ಚಿಕ್ಕ ಗುಂಪು. ಕನ್ನಡದ ಕಾಗುಣಿತ ತಿದ್ದುವ ಒಂದು ತಂತ್ರಾಂಶವನ್ನು ಬಿಡುವಿನ ವೇಳೆಯಲ್ಲಿ ಕಟ್ಟುತ್ತಿದ್ದೆವು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ಒಳಗಿನ ಕೋಡನ್ನು ಓದಬಹುದು, ತಿದ್ದಿ ಕಳಿಸಬಹುದು. ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಮೈಲಾಪೂರಿನ ರಾಯರ ಮನೆಯ ಹಜಾರದಲ್ಲಿ ಸೇರುತ್ತಿದ್ದೆವು. ಬಂದ ತಿದ್ದುಪಡಿಗಳಲ್ಲಿ ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವ ಕೆಲಸ ನನ್ನದು. ಮೊದಲಿನಿಂದ ಇದ್ದವನು ನಾನೇ — ಆ ಮಾತಿನಲ್ಲಿ ನನಗೆ ಎಷ್ಟು ಹೆಮ್ಮೆಯಿತ್ತೆಂದು ಈಗ ನೆನೆದರೆ...

ರಾಯರು ಅಂಚೆ ಇಲಾಖೆಯಿಂದ ನಿವೃತ್ತರಾದವರು. ಹುಟ್ಟಿ ಬೆಳೆದದ್ದೆಲ್ಲ ಈ ತಮಿಳರ ಊರಿನಲ್ಲೇ. ಕೋಡ್ ಬರೆಯಲು ಬಾರದಿದ್ದರೂ ನಮ್ಮ ತಂತ್ರಾಂಶವನ್ನು ಅವರಷ್ಟು ಬಳಸಿದವರಿಲ್ಲ. ತಮ್ಮ ತಾಯಿ ಅಡುಗೆಮನೆಯಲ್ಲಿ, ದೇವರಮನೆಯಲ್ಲಿ ಆಡುತ್ತಿದ್ದ ಮಾತುಗಳನ್ನು ನೆನಪಿಸಿಕೊಂಡು ಬರೆಯುತ್ತಿದ್ದರು. ಅಡ್ಡಣಿಗೆ, ಸಿಂಬಿ, ಗಿಂಡಿ — ಇಂಥವು ಬಂದಾಗಲೆಲ್ಲ ಯಂತ್ರ ಕೆಂಪು ಗೆರೆ ಎಳೆಯುತ್ತಿತ್ತು. ರಾಯರು ಒಂದೊಂದನ್ನೂ 'ನನ್ನ ಪದಗಳು' ಎಂಬ ಪಟ್ಟಿಗೆ ಸೇರಿಸುತ್ತಿದ್ದರು. ಎರಡು ವರ್ಷ ಹೀಗೆ ಸೇರಿಸಿದ್ದರು. ಅದಕ್ಕೊಂದು ನಕಲು ಇಟ್ಟುಕೊಳ್ಳಬೇಕೆಂದು ನಾವ್ಯಾರೂ ಅವರಿಗೆ ಹೇಳಿರಲಿಲ್ಲ.

ವಸಂತಿ ಕುಂದಾಪುರದ ಕಡೆಯವರು. ಟಿ. ನಗರದ ಸಸ್ಯಾಹಾರಿ ಹೋಟೆಲೊಂದರಲ್ಲಿ ಅವರ ಗಂಡ ಅಡುಗೆಯ ಮೇಲ್ವಿಚಾರಕರು. ಬಿ.ಎಸ್ಸಿ. ಮುಗಿಸಿ ಮದುವೆಯಾಗಿ ಬಂದ ವಸಂತಿ ವೇಲಚೇರಿಯ ಮನೆಯಲ್ಲಿ ಕೂತು ತಾವಾಗಿಯೇ ಪ್ರೋಗ್ರಾಮಿಂಗ್ ಕಲಿತಿದ್ದರು. ಪದಕ್ಕೆ ವಿಭಕ್ತಿ ಸೇರಿದಾಗಲೂ — ಸಿಂಬಿಯಲ್ಲಿ, ಸಿಂಬಿಯಿಂದ — 'ನನ್ನ ಪದಗಳು' ಪಟ್ಟಿಯಲ್ಲಿರುವುದನ್ನು ಯಂತ್ರ ಗುರುತಿಸುವಂತೆ ಮಾಡಿದ್ದು ಅವರೇ. ಅದು ಅವರ ಮೊದಲ ಕೋಡ್. ಸೊಗಸಾಗಿತ್ತು. ಹೊಸ ಆವೃತ್ತಿಯಲ್ಲಿ ಅದು ಬರುತ್ತದೆ ಎಂದಾಗ, "ನನ್ ಹೆಸ್ರ್ ಇರತ್ತಾ ಸರ್ ಅದ್ರಲ್ಲಿ?" ಎಂದು ಎರಡು ಸಲ ಕೇಳಿದ್ದರು.

ಬಿಡುಗಡೆಯ ದಿನ ನನಗೆ ಅವಸರವಿತ್ತು. ಪದಗಳ ಪಟ್ಟಿಯನ್ನು ಹಳೆಯ ಜಾಗದಿಂದ ಹೊಸ ಜಾಗಕ್ಕೆ ಸರಿಸುವ ಒಂದು ಸಾಲನ್ನು ನಾನು ಕೊನೆಗಳಿಗೆಯಲ್ಲಿ ಸೇರಿಸಿದೆ. ಯಾರ ಕೋಡನ್ನೇ ಆಗಲಿ ಇನ್ನೊಬ್ಬರು ಓದಿ ನೋಡದೆ ಸೇರಿಸಬಾರದು ಎಂಬ ನಿಯಮ ನಮ್ಮಲ್ಲಿತ್ತು — ಮಾಡಿದವನೂ ನಾನೇ. ಒಂದೇ ಸಾಲು ತಾನೇ ಎಂದುಕೊಂಡೆ. ವಸಂತಿಯ ಬದಲಾವಣೆಯೂ ಅದೇ ಕಡತದಲ್ಲಿ ಇದ್ದುದರಿಂದ ಎರಡನ್ನೂ ಒಟ್ಟುಮಾಡಿ, ಯಾರು ಏನು ಬದಲಿಸಿದರೆಂದು ತೋರಿಸುವ ಒಂದೇ ದಾಖಲೆಯಾಗಿ ಸೇರಿಸಿದೆ. ದಾಖಲೆಯ ಮೇಲೆ ಅವರ ಹೆಸರು ಉಳಿಯಿತು. ಆಗ ನನ್ನ ಮನಸ್ಸಿನಲ್ಲಿ ಯಾವ ಕಪಟವೂ ಇರಲಿಲ್ಲ. ಕಪಟ ಬಂದದ್ದು ಆಮೇಲೆ.

ಎರಡನೆಯ ದಿನ ರಾಯರು ಗುಂಪಿಗೆ ಬರೆದರು. ಹೊಸ ಆವೃತ್ತಿ ಹಾಕಿಕೊಂಡ ಮೇಲೆ ತಮ್ಮ ಪಟ್ಟಿ ಖಾಲಿಯಾಗಿದೆ, ಏನು ಮಾಡಬೇಕು ಎಂದು ಕೇಳಿದ್ದರು, ಅಷ್ಟೇ. ಬೈದಿರಲಿಲ್ಲ.

ಹುಡುಕಿದೆ. ಕಾರಣ ಸಿಗಲು ಒಂದು ಗಂಟೆ ಹಿಡಿಯಿತು. ನಕಲು ಆಯಿತೋ ಇಲ್ಲವೋ ಎಂದು ನೋಡದೆಯೇ ನನ್ನ ಸಾಲು ಹಳೆಯ ಪಟ್ಟಿಯನ್ನು ಅಳಿಸುತ್ತಿತ್ತು. ಅಷ್ಟರಲ್ಲಿ ಗುಂಪಿನವರೂ ದಾಖಲೆ ತೆರೆದು ನೋಡಿದ್ದರು. ಅಲ್ಲಿ ವಸಂತಿಯ ಹೆಸರಿತ್ತು. ಹೊಸಬರ ಕೋಡನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕಿತ್ತು ಎಂದು ಒಬ್ಬರು ಬರೆದರು. ಹತ್ತು ನಿಮಿಷದಲ್ಲಿ ವಸಂತಿಯೇ ಬರೆದರು: "ತಪ್ಪು ನನ್ನದು. ಎಲ್ಲಿ ಎಂದು ಇನ್ನೂ ತಿಳಿಯುತ್ತಿಲ್ಲ. ರಾಯರಲ್ಲಿ ಕ್ಷಮೆ ಕೇಳುತ್ತೇನೆ." ತಾವು ಬರೆದು ಕಳಿಸಿದ್ದ ಕೋಡನ್ನಷ್ಟೇ ಅವರು ಮತ್ತೆ ಮತ್ತೆ ಓದುತ್ತಿದ್ದಿರಬೇಕು; ನನ್ನ ಸಾಲು ಅದರಲ್ಲಿ ಇರಲಿಲ್ಲ.

ಹೇಳಿಬಿಡಬಹುದಿತ್ತು. ಒಂದು ವಾಕ್ಯ ಸಾಕಿತ್ತು. ನಾನು ಬರೆದದ್ದು ಇದು:

"ಪರವಾಗಿಲ್ಲ ವಸಂತಿಯವರೇ. ಹೊಸಬರಿಂದ ಹೀಗಾಗುವುದು ಸಹಜ. ನಾನು ಸರಿಪಡಿಸಿದ್ದೇನೆ."

ನನ್ನ ತಪ್ಪಿಗೆ ನಾನು ಅವರನ್ನು ಕ್ಷಮಿಸಿದೆ. ಎಷ್ಟು ದೊಡ್ಡ ಮನಸ್ಸು ನಿಮ್ಮದು ಎಂದು ಇಬ್ಬರು ಉತ್ತರಿಸಿದರು.

ಮುಂದಿನ ಭಾನುವಾರ ವಸಂತಿ ಬಂದರು. ರಾಯರ ಎದುರು ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು. ರಾಯರು ಕುರ್ಚಿ ಎಳೆದು ಕೊಟ್ಟರು. "ಅಳಬೇಡಮ್ಮ, ಪರವಾಯಿಲ್ಲೆ. ಪದ ಎಲ್ಲಿ ಹೋಗತ್ತೆ, ತಲೇಲೇ ಇದೆ. ನಾ ಹೇಳ್ತೀನಿ, ನೀ ಟೈಪ್ ಅಡಿ," ಎಂದರು ತಮ್ಮ ತಮಿಳು ಬೆರೆತ ಕನ್ನಡದಲ್ಲಿ.

ಹೊರಡುವಾಗ ಮೆಟ್ಟಿಲ ಬಳಿ ವಸಂತಿ ನನಗೆ ಹೇಳಿದರು: "ಇನ್ ನಂಗೆ ಕೋಡ್ ಗೀಡ್ ಬ್ಯಾಡ ಸರ್. ಪದದ ಪಟ್ಟಿ ನಾನ್ ನೋಡ್ಕಂತೆ, ಅಷ್ಟ್ ಸಾಕ್." ನಾನು ತಲೆಯಾಡಿಸಿದೆ.

ಅಂದಿನಿಂದ ಪ್ರತಿ ಗುರುವಾರ, ಮಗಳನ್ನು ಶಾಲೆಗೆ ಕಳಿಸಿ, ವೇಲಚೇರಿಯಿಂದ ರೈಲು ಹತ್ತಿ ಅವರು ರಾಯರ ಮನೆಗೆ ಬರುತ್ತಿದ್ದರು. ರಾಯರು ಹೇಳುವುದು, ವಸಂತಿ ಟೈಪ್ ಮಾಡುವುದು. ನಾನು ಒಮ್ಮೆ ಹೋದಾಗ ರಾಯರು ಕಣ್ಣು ಮುಚ್ಚಿ ಒಂದು ಪದಕ್ಕಾಗಿ ತಡಕಾಡುತ್ತಿದ್ದರು — ಅವರಮ್ಮ ಒಲೆಯ ಪಕ್ಕದ ಯಾವುದೋ ಗೂಡಿಗೆ ಹೇಳುತ್ತಿದ್ದ ಹೆಸರು. ಸಿಗಲಿಲ್ಲ. "ಹೋಗ್ಲಿ ಬಿಡು" ಎಂದರು. ವಸಂತಿ ನೆಲ ನೋಡುತ್ತಿದ್ದರು. ನಾನು... ಕಾಫಿ ಕುಡಿದು ಎದ್ದು ಬಂದೆ. ವಸಂತಿಯ ಶ್ರದ್ಧೆಯನ್ನು ಹೊಗಳಿ ಗುಂಪಿಗೆ ನಾಲ್ಕು ಸಾಲು ಬರೆದದ್ದೂ ನಾನೇ.

ಈ ವರ್ಷ ರಾಯರು ತೀರಿಕೊಂಡರು. ಹದಿಮೂರನೆಯ ದಿನದ ಊಟಕ್ಕೆ ನಮ್ಮನ್ನೂ ಕರೆದಿದ್ದರು. ಎಲೆ ಹಾಕಿದ ಮೇಲೆ ರಾಯರ ಮಗ ನೆಂಟರೊಬ್ಬರಿಗೆ ವಸಂತಿಯನ್ನು ಪರಿಚಯಿಸಿದರು: "ಅಪ್ಪನ ಪದಗಳನ್ನೆಲ್ಲ ಇವರೇ ಮತ್ತೆ ಬರೆದು ಕೊಟ್ಟದ್ದು." ವಸಂತಿ ತಕ್ಷಣ, ಯಾರೂ ಕೇಳದಿದ್ದರೂ, "ಅಳಿಸಿದ್ದೂ ನಾನೇ ಅಲ್ದಾ" ಎಂದರು. ಆರು ವರ್ಷದ ಮೇಲೂ, ಸಹಜವಾಗಿ, ತಮ್ಮ ಊರಿನ ಹೆಸರು ಹೇಳುವ ಹಾಗೆ. ನಾನು ಅವರ ಪಕ್ಕದ ಎಲೆಗೆ ಕೂತಿದ್ದೆ.

ಊಟ ಮುಗಿಸಿ ವಸಂತಿಯೂ ನಾನೂ ಒಂದೇ ರೈಲು ಹತ್ತಿದೆವು. ಮಧ್ಯಾಹ್ನದ ಗಾಡಿ ಬಹುಪಾಲು ಖಾಲಿಯಿತ್ತು. ಹೇಳಿದೆ. ಬಹಳ ಮಾತು ಬೇಕಾಗಲಿಲ್ಲ. ಅವರು ಕಿಟಕಿಯಿಂದ ನನ್ನ ಕಡೆ ತಿರುಗಿದರು. ಆಮೇಲೆ ಕೇಳಿದರು:

"ರಾಯ್ರಿಗೆ ಗೊತ್ತಿತ್ತಾ?"

"ಇಲ್ಲ."

"ಆ ಸಾಲ್ ತೋರ್ಸಿ."

ಫೋನಿನಲ್ಲಿ ತೆರೆದು ಕೊಟ್ಟೆ. ಆರು ವರ್ಷದಿಂದ ಕೋಡ್ ಮುಟ್ಟದ ಆ ಹೆಂಗಸು ಅದನ್ನು ಒಮ್ಮೆ ಓದಿದರು. ಬೆರಳಿನಿಂದ ಮೇಲೆ ಸರಿಸಿ, ಕೆಳಗೆ ಸರಿಸಿ, ಮತ್ತೊಮ್ಮೆ ಓದಿದರು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ.

"ಇದನ್ನ್ ಆವತ್ತ್ ನಂಗೆ ತೋರ್ಸಿದ್ರೆ ಗೊತ್ತಾತಿತ್ತ್ ಸರ್," ಎಂದರು. "ನಂಗೆ ಇದೆಲ್ಲ ಬತ್ತಿಲ್ಲ ಅಂದ್ಕಂಡೇ ಬಿಟ್ಟದ್ದ್ ನಾನ್."

ಫೋನ್ ವಾಪಸು ಕೊಟ್ಟರು. ವೇಲಚೇರಿಯಲ್ಲಿ ಇಳಿದು ಜನರ ನಡುವೆ ಮುಂದೆ ನಡೆದರು. ನಾನು ಹಿಂದೆಯೇ ಹೋಗಲಿಲ್ಲ.

ನಾನು ಕೆಟ್ಟವನಲ್ಲ, ಹೆದರಿದ್ದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಯಾವುದಕ್ಕೆ ಹೆದರಿದ್ದೆ? ಸಂಬಳವಿಲ್ಲದ ಕೆಲಸದಲ್ಲಿ, ಹತ್ತೋ ಹನ್ನೆರಡೋ ಮಂದಿಯ ಗುಂಪಿನಲ್ಲಿ, ಒಂದಿಷ್ಟು ಗೌರವ ಕಡಿಮೆಯಾದೀತೆಂದು. ಅದಕ್ಕಾಗಿ ಒಬ್ಬ ಹೆಂಗಸು ತಾನು ಕಷ್ಟಪಟ್ಟು ಕಲಿತ ವಿದ್ಯೆಯನ್ನೇ ನಂಬದ ಹಾಗೆ ಮಾಡಿದೆ.

ಇದನ್ನೆಲ್ಲ ಹೀಗೆಯೇ ಗುಂಪಿಗೆ ಬರೆದು ಕಳಿಸಿದ್ದೇನೆ. ಹಳೆಯ ದಾಖಲೆಯನ್ನು ತಿದ್ದಲಾಗುವುದಿಲ್ಲ. ಅದರ ಕೆಳಗೆ ಆ ಸಾಲು ಯಾರದೆಂದು ನನ್ನ ಹೆಸರು ಹಾಕಿ ಟಿಪ್ಪಣಿ ಸೇರಿಸಿದ್ದೇನೆ. ತೀರ್ಮಾನಿಸುವ ಅಧಿಕಾರವನ್ನು ಬಿಟ್ಟುಕೊಟ್ಟಿದ್ದೇನೆ. ಇನ್ನು ಮುಂದೆ ನಾನು ಬರೆಯುವ ಕೋಡನ್ನೂ ಬೇರೆಯವರು ಓದಿ ಒಪ್ಪಬೇಕು.

ವಸಂತಿ ಉತ್ತರ ಬರೆದಿಲ್ಲ. ಬರೆಯಲೇಬೇಕೆಂದು ಕೇಳುವ ಹಕ್ಕು ನನಗಿಲ್ಲ. ಕಾಯುತ್ತಿಲ್ಲ ಎಂದರೆ ಮಾತ್ರ ಅದು ಇನ್ನೊಂದು ಸುಳ್ಳಾಗುತ್ತದೆ.