ಸಾಕ್ಷಿಯಲ್ಲಿ ನಾನು ನುಂಗಿದ ಮಾತು

ಎಸ್ತೇರ, ಅವತ್ತು ಚರ್ಚಿನ ಸಭೆಯ ಮುಂದೆ ನಾನು ಹೇಳಿದ್ದು ಅರ್ಧ ಮಾತ್ರ. ನಿನ್ನ ತಪ್ಪನ್ನು ಹೇಳಿದೆ, ನನ್ನದನ್ನು ನುಂಗಿದೆ.

ನೀನು ಆಗ ಏಳನೆಯ ತರಗತಿ. ಬನಹಟ್ಟಿಯ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಮಗ್ಗ ನಿಲ್ಲಿಸಿ ನಾವು ಮೂವರೂ ಚಾಪೆಯ ಮೇಲೆ ಕುಟುಂಬ ಪ್ರಾರ್ಥನೆಗೆ ಕೂರುತ್ತಿದ್ದೆವು. ಆ ದಿನ ಮಾಡಿದ ತಪ್ಪನ್ನು ಒಬ್ಬೊಬ್ಬರೂ ದೇವರಿಗೆ ಬಾಯಿಬಿಟ್ಟು ಹೇಳಬೇಕು — ಆ ಪದ್ಧತಿ ಹಾಕಿದವನು ನಾನೇ. ನೀನು ಹೇಳುತ್ತಿದ್ದೆ, ನಿನ್ನ ಅವ್ವ ಹೇಳುತ್ತಿದ್ದಳು. ನಾನು ಮಾತ್ರ — ಸಭೆಯ ಹಿರಿಯನಲ್ಲವೇ — ಕೊನೆಗೆ ಆಶೀರ್ವಾದ ಹೇಳಿ ಎದ್ದುಬಿಡುತ್ತಿದ್ದೆ.

ಒಂದು ದಿನ ನಿನ್ನ ಅವ್ವ ನನ್ನನ್ನು ಕೇಳದೆ ಸಾವಳಗಿಯ ತವರಿಗೆ ಹೋಗಿ ಬಂದಳು. ಅವಳ ತಾಯಿಗೆ ಜ್ವರವಿತ್ತಂತೆ. ಅದನ್ನು ಹೇಳಲು ಬಾಯಿ ತೆರೆಯುವ ಮೊದಲೇ ನಾನು ಅವಳ ಕೆನ್ನೆಗೆ ಹೊಡೆದೆ. ಓಣಿಯ ಮಗ್ಗಗಳ ಸದ್ದಿನಲ್ಲಿ ನೆರೆಮನೆಗೆ ಕೇಳಿಸಲಿಲ್ಲ. ಶಾಲೆಯಿಂದ ಬಂದ ನೀನು ಬಾಗಿಲಲ್ಲೇ ನಿಂತಿದ್ದೆ.

ಸಂಜೆ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿ ನೀನಂದೆ, “ಪ್ರಭುವೇ, ಅಪ್ಪ ಸಾಯ್ಲಿ ಅಂತ ಮನಸಿನ್ಯಾಗ ಅಂದ್ಕೊಂಡೆ. ನನ್ನ ಕ್ಷಮಿಸು.” ಯಾಕೆ ಹಾಗಂದುಕೊಂಡೆ ಅನ್ನುವುದನ್ನು ದೇವರಿಗೂ ಹೇಳಲಿಲ್ಲ.

ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಮಗಳೇ. ಸಭೆಯ ಮುಂದೆ ನಿಂತು ದೇವರ ಕೃಪೆಗೆ ಸಾಕ್ಷಿ ಹೇಳಲು ಒಳ್ಳೆಯ ಸಂಗತಿ ಸಿಕ್ಕಿತು ಅನ್ನಿಸಿತು — ಎಂಥ ಅಪ್ಪ ನಾನು. ಅದೇ ಭಾನುವಾರ ಜಮಖಂಡಿಯಲ್ಲಿ ನಮ್ಮ ಸಭೆಯ ದಂಪತಿಗಳ ಕೂಟವಿತ್ತು. ನಿಮ್ಮಿಬ್ಬರನ್ನೂ ಹೆಂಗಸರ ಸಾಲಿನಲ್ಲಿ ಕೂರಿಸಿ, ನಾನು ಎದ್ದುನಿಂತು ಹೇಳಿದೆ: “ನನ್ನ ಮಗಳು ನಾ ಸಾಯ್ಲಿ ಅಂತ ಬಯಸಿದ್ಳು. ಕುಟುಂಬ ಪ್ರಾರ್ಥನಿ ಇರಲಿಲ್ಲಂದ್ರ ಆ ಪಾಪ ಅಕಿ ಹೊಟ್ಟ್ಯಾಗ ಉಳೀತಿತ್ತು. ಮಕ್ಕಳ್ನ ಹಿಂಗ ಬೆಳೆಸ್ರಿ.”

ಕೂಟ ಮುಗಿದ ಮೇಲೆ ಹಿರಿಯ ಹೆಂಗಸರು ನಿನ್ನ ತಲೆ ಸವರಿ, “ಹಡೆದಪ್ಪಗ ಹಂಗ ಅನಬಾರದವ್ವಾ” ಅಂದರು. ‘ಅಪ್ಪ ಅವ್ವನ್ನ ಹೊಡದಿದ್ದ’ ಅನ್ನುವ ಒಂದು ಮಾತು ಸಾಕಿತ್ತು, ನನ್ನ ಹಿರಿತನ ಅಲ್ಲೇ ಮಣ್ಣುಪಾಲಾಗುತ್ತಿತ್ತು. ನೀನು ಒಮ್ಮೆ ನನ್ನ ಮುಖ ನೋಡಿ ತಲೆ ತಗ್ಗಿಸಿದೆ. ಹದಿಮೂರು ವರ್ಷದ ಹುಡುಗಿ ನನ್ನ ಮಾನ ಕಾದೆ.

ಮರುದಿನದಿಂದ ಪ್ರಾರ್ಥನೆಯಲ್ಲಿ ನಿನ್ನ ಮಾತು ಒಂದೇ ಆಯಿತು — “ಇವತ್ತ ಏನೂ ತಪ್ಪ ಮಾಡಿಲ್ಲ.” ಮದುವೆಯಾಗಿ ಮುಧೋಳಕ್ಕೆ ಹೋಗುವ ತನಕ ಅದೊಂದೇ. ಮಗಳು ತಿದ್ದಿಕೊಂಡಳು ಅಂತ ನಾನು ಬೀಗಿದೆ. ನೀನು ನನ್ನೆದುರು ಬಾಯಿ ಮುಚ್ಚಿಕೊಂಡದ್ದು ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಈಗ ಹೊಸದಾಗಿ ಮದುವೆಯಾದವರಿಗೆ ಸಾಕ್ಷಿ ಹೇಳಿರೆಂದು ಪಾಸ್ಟರು ಮತ್ತೆ ಕೇಳಿದ್ದಾರೆ. ಈ ಸಲ ಎಲ್ಲವನ್ನೂ ಹೇಳಿಬಿಡುತ್ತೇನೆ ಅಂತ ಮೊನ್ನೆ ನಿನಗೆ ಫೋನ್ ಮಾಡಿದೆ. ನೀನು, “ಅವ್ವನ್ನ ಕೇಳಿಯೇನಪಾ?” ಅಂದೆ.

ಕೇಳಿರಲಿಲ್ಲ. ಸಭೆಯ ಮುಂದೆ ನಿಲ್ಲುವುದು ನೆನಪಾಯಿತು, ಪೆಟ್ಟು ತಿಂದವಳು ನೆನಪಾಗಲಿಲ್ಲ. ಫೋನಿಟ್ಟು ಅಡುಗೆಮನೆಗೆ ಹೋದೆ. ನಿನ್ನ ಅವ್ವ ರೊಟ್ಟಿ ಬಡಿಯುತ್ತಿದ್ದಳು.

“ಅವತ್ತ ನಿನ್ನ ಹೊಡದದ್ದು ತಪ್ಪಾತು. ಮಗಳ ಮಾತನ್ನ ಮಂದಿ ಮುಂದ ಆಡಿದ್ದೂ ತಪ್ಪಾತು. ಸಭಾದಾಗ ಹೇಳ್ಲೇನು?”

ಅವಳು ತವೆಯ ಮೇಲಿನ ರೊಟ್ಟಿ ಮಗುಚಿದಳು. “ಹೇಳೂದಾದ್ರ ಪೂರಾ ಹೇಳ್ರಿ. ನಿಮ್ಮ ಸಾಕ್ಷಿ ಮುಗದಾಗ ಎಲ್ಲಾರೂ ಆಮೆನ್ ಅಂದ್ರು. ನಿಮಗ ಅಂಜಿ ನಾನೂ ಅಂದೆ. ಅಲ್ಲೀತನಕ ನನ್ನ ಕೈ ಹಿಡಕೊಂಡಿದ್ದ ಎಸ್ತೇರ ಆಗ ಕೈ ಬಿಟ್ಳು.”

ಕ್ಷಮಿಸಿದೆ ಅಂತ ಅವಳು ಅನ್ನಲಿಲ್ಲ. ನೀನೂ ಅನ್ನಬೇಕಾಗಿಲ್ಲ. ಬರುವ ಭಾನುವಾರ ಸಾಕ್ಷಿಯಲ್ಲಿ ನಿನ್ನ ಹೆಸರು ಎತ್ತುವುದಿಲ್ಲ. ನಾನು ಮಾಡಿದ್ದನ್ನಷ್ಟೇ ಹೇಳುತ್ತೇನೆ, ಯಾರೂ ಆಮೆನ್ ಅನ್ನಬೇಡಿರಿ ಅಂತ ಹೇಳಿ ಕೂರುತ್ತೇನೆ.