ಹಗ್ಗ ಹಾಕದ ಮನೆಯ ಅರಬಾ

ನಾನು ಓದಲಾರದ ಕಾಗದ ಈ ದೇಶದಲ್ಲಿ ಇನ್ನೂ ಹುಟ್ಟಿಲ್ಲ. ನಮ್ಮೂರ ಅಂಚೆ ಕಚೇರಿಯ ಮುಂದೆ ಮೇಜು ಹಾಕಿಕೊಂಡು ಮೂವತ್ತೆಂಟು ವರ್ಷ ಊರವರ ಪತ್ರ ಬರೆದವನು, ಅವರಿಗೆ ಬಂದ ಪತ್ರ ಓದಿ ಹೇಳಿದವನು ನಾನು. ಡಾಕ್ಟರರ ಕೈಬರಹವನ್ನು ಕಣ್ಣು ಮುಚ್ಚಿ ಬೆರಳಲ್ಲಿ ಸವರಿ ಓದಿದ್ದೇನೆ. ಒಮ್ಮೆ ಲಕೋಟೆ ಒಡೆಯದೆ, ಬರೀ ಮೂಸಿ, ಒಳಗೆ ಅವಳಿ ಮಕ್ಕಳ ಸುದ್ದಿ ಇದೆ ಅಂದೆ. ಇತ್ತು. ಆದ್ದರಿಂದಲೇ ಅರಬಾ ರಾಜಧಾನಿ ಅಕ್ರಾಕ್ಕೆ ಹೊರಡುವಾಗ ಜೊತೆಗೆ ನನ್ನನ್ನೇ ಕರೆದಳು.

ಅರಬಾ ಐವತ್ತು ವರ್ಷದಿಂದ ಮೀನನ್ನು ಹೊಗೆಗೆ ಹಾಕಿ ಮಾರಿದವಳು. ಅವಳ ಒಲೆಗಳ ದೆಸೆಯಿಂದ ನಮ್ಮೂರಿನ ಮೋಡಕ್ಕೂ ಮೀನಿನ ವಾಸನೆ. ಮಳೆ ಕವಿದರೆ ಬೆಕ್ಕುಗಳು ಸಾಲಾಗಿ ಕೂತು ಆಕಾಶ ನೋಡುತ್ತಿದ್ದವು. ಅವಳು ಗದರಿದರೆ ದೋಣಿಗಳು ಹುಟ್ಟು ಹಾಕದೆಯೇ ದಡ ಸೇರುತ್ತಿದ್ದವು. ಅಂಥ ಹೆಂಗಸಿಗೆ ಕಾಗದವೊಂದನ್ನು ಕಂಡರೆ ಮಾತ್ರ ನಡುಕ. ಓದು ಬರುತ್ತಿರಲಿಲ್ಲ.

"ಮನುಷ್ಯ ಸಿಟ್ಟಲ್ಲಿ ಅಂದಿದ್ದನ್ನ ನಾಳೆ ಮರೀತಾನೆ ಎಗ್ಯಾ. ಇದು ಮರೆಯಲ್ಲ," ಅನ್ನುತ್ತಿದ್ದಳು. ನಮ್ಮ ಕಡೆ ಹಿರಿಯ ಗಂಡಸರನ್ನು ಎಗ್ಯಾ ಅನ್ನುತ್ತಾರೆ. ನನಗಿಂತ ಎರಡೇ ವರ್ಷ ಚಿಕ್ಕವಳು. ನನ್ನನ್ನು ಮುದುಕ ಮಾಡುವ ಹಟಕ್ಕೇ ಹಾಗೆ ಕರೆಯುತ್ತಿದ್ದಳು.

ಅವರದು ದೊಡ್ಡ ಮನೆ. ನಡುವೆ ಅಂಗಳ, ಸುತ್ತ ಹದಿನಾಲ್ಕು ಕೋಣೆ. ಕಟ್ಟಿಸಿದವನು ಅನ್ಸಾ ಎಂಬ ಹಳೆಯ ಕಾಲದ ವ್ಯಾಪಾರಿ. ನಮ್ಮಲ್ಲಿ ಮನೆ ಹೆಣ್ಣಿನ ಕಡೆಯಿಂದ ಇಳಿಯುತ್ತದೆ. ಅನ್ಸಾನಿಗೆ ಎಕುವಾ ಮತ್ತು ಅಬಾ ಎಂಬ ಇಬ್ಬರು ತಂಗಿಯರು. ಎಕುವಾ ಅರಬಾಳ ಅಜ್ಜಿ. ಅಬಾ, ಅಂಗಳದ ಆಚೆ ಸಾಲಿನಲ್ಲಿದ್ದ ಎಬೊನ ಅಜ್ಜಿ. ಆ ಮನೆಯದೊಂದು ವಿಚಿತ್ರ: ಎರಡು ಸಾಲಿನವರೂ ಆಡಿನ ಕುತ್ತಿಗೆಗೆ ಹಗ್ಗ ಹಾಕುವುದಿಲ್ಲ. ಯಾಕೆಂದು ಯಾರಿಗೂ ಗೊತ್ತಿಲ್ಲ, ಅಜ್ಜಿಯಂದಿರು ಬೇಡವೆಂದಿದ್ದರಂತೆ. ಹೇಳುವವರು ಕೇಳುವವರಿಲ್ಲದ ಆ ಆಡುಗಳು ನನ್ನ ಮೇಜಿನಿಂದ ಎರಡು ವಿಚ್ಛೇದನ, ಒಂದು ಮದುವೆ ಮಾತುಕತೆ ತಿಂದು ಹಾಕಿವೆ.

ಜಗಳ ತೆಗೆದವನು ಎಬೊ. ಅರಬಾಳ ಒಲೆಗಳಿದ್ದ ಜಾಗದಲ್ಲಿ ಅವನಿಗೆ ಮೀನಿನ ಶೈತ್ಯಾಗಾರ ಕಟ್ಟಬೇಕಿತ್ತು. ಕುಟುಂಬದವರೆಲ್ಲ ಸೇರಿದ್ದಾಗ ಎದ್ದು ನಿಂತು ಅಂದ: "ಈ ಮನೆ ಅನ್ಸಾನ ತಂಗಿಯ ಹೊಟ್ಟೇಲಿ ಬಂದವರದ್ದು. ಕೆಲವರ ಅಜ್ಜಿ ಯಾವ ದಾರಿ ಹಿಡಿದು ಈ ಬಾಗಿಲಿಗೆ ಬಂದ್ಲೋ, ಕಾಗದ ತಂದು ತೋರಿಸ್ಲಿ."

ಅರಬಾಳ ಅಜ್ಜಿಯನ್ನು ಗುಲಾಮಳಾಗಿ ಕೊಂಡು ತಂದದ್ದು ಅನ್ನುವುದೇ ಆ ಮಾತಿನ ಒಳಗಿದ್ದ ಮುಳ್ಳು. ಒಬ್ಬರ ಮೂಲವನ್ನು ಇನ್ನೊಬ್ಬರು ಬಾಯಿಬಿಟ್ಟು ಹೇಳುವುದು ನಮ್ಮಲ್ಲಿ ದೊಡ್ಡ ತಪ್ಪು; ಹೇಳಿದವನು ದಂಡಕ್ಕೆ ಕುರಿ ತಂದು ಊರ ಮುಂದೆ ಬಗ್ಗಬೇಕು. ಎಬೊ 'ಕೆಲವರು' ಅಂದು ಕುರಿ ಉಳಿಸಿಕೊಂಡ.

ಕುಟುಂಬದ ಯಜಮಾನ ನಾನಾ ಕ್ವೆಗಿರ್ ಹತ್ತು ದಿನ ಕೊಟ್ಟರು. "ಬಿಳಿಯರ ಕಾಲದಲ್ಲಿ, ಇಪ್ಪತ್ತಾರನೇ ಇಸವೀಲಿ ಗೋಡೆ ವ್ಯಾಜ್ಯ ಆದಾಗ ಎಕುವಾ ಬಿಳಿ ನ್ಯಾಯಾಧೀಶನ ಮುಂದೆ ಸಾಕ್ಷಿ ಹೇಳಿದ್ಲು. ಅದು ಅಕ್ರಾದ ಪತ್ರಾಗಾರದಲ್ಲಿ ಇರ್ಬೇಕು. ತಂದ್ರೆ ನೋಡೋಣ. ಇಲ್ದಿದ್ರೆ ಅರಬಾ, ನಿನ್ನ ಒಲೆ ಕಿತ್ಕೊಂಡು ಮನೆ ಬಿಡ್ಬೇಕಾಗುತ್ತೆ."

ತರದಿದ್ದರೆ ಮನೆ ಹೋಯಿತು. ತಂದ ಕಾಗದ ಎಬೊನ ಮಾತನ್ನೇ ಹೇಳಿದರೆ ಮನೆಯೂ ಹೋಯಿತು, ಮೊಮ್ಮಕ್ಕಳ ತಲೆಯೂ ತಗ್ಗಿತು.

ವ್ಯಾನಿನಲ್ಲಿ ದಾರಿಯುದ್ದಕ್ಕೂ ಅವಳು ಒಂದು ಚೀಲವನ್ನು ಎದೆಗವಚಿಕೊಂಡು ಕೂತಿದ್ದಳು. ಅರಬಾ ಮೂರು ಗಂಟೆ ಮಾತಾಡದೆ ಕೂತದ್ದು ಅದೇ ಮೊದಲು. ಚಾಲಕ ಹೆದರಿ ಎರಡು ಸಲ ತಿರುಗಿ ನೋಡಿದ.

ಅಕ್ರಾ ತಲುಪಿದೆವು. ಮುಂದಿನ ಕಟ್ಟಡ ಗ್ರಂಥಾಲಯ, ಹಿಂದಿನದು ಪತ್ರಾಗಾರ. ಬಾಗಿಲಲ್ಲೇ ಕಾವಲುಗಾರ ಚೀಲ ತೆಗೆಸಿದ. ಒಳಗಿಂದ ಹೊರಬಂದದ್ದು ಒಂದು ಶೀಷೆ ಷ್ನಾಪ್ಸ್ ಮದ್ಯ.

"ಮಾಮೆ, ಇದೇನು? ಇಲ್ಲಿ ಮದುವೆ ನಡೀತಿಲ್ಲ," ಅಂದ. ಹಿರಿಯ ಹೆಂಗಸರನ್ನು ಎಲ್ಲರೂ ಮಾಮೆ ಅನ್ನುತ್ತಾರೆ.

"ಸತ್ತವರನ್ನ ಮಾತಾಡಿಸೋಕೆ ಬಂದಿದೀನಪ್ಪ. ನೆಲಕ್ಕೆ ನಾಲ್ಕು ಹನಿ ಎರೆಯದೆ ಅವರು ಬಾಯಿ ಬಿಡ್ತಾರಾ?"

"ಒಳಗಿರೋದು ಬರೀ ಕಾಗದ."

"ಕಾಗದದ ಒಳಗೆ ಯಾರಿದ್ದಾರೆ ಮತ್ತೆ?"

ಕಾವಲುಗಾರ ಶೀಷೆಯನ್ನು ತನ್ನ ಕುರ್ಚಿಯ ಕೆಳಗಿಟ್ಟುಕೊಂಡ. ನನ್ನ ಪೆನ್ನನ್ನೂ ಕಿತ್ತುಕೊಂಡು ಸೀಸದಕಡ್ಡಿ ಕೊಟ್ಟ. ಮೂವತ್ತೆಂಟು ವರ್ಷದಲ್ಲಿ ನನ್ನ ಜೇಬು ಬರಿದಾದದ್ದು ಅಂದೇ. ಬಟ್ಟೆ ಬಿಚ್ಚಿಸಿದ ಹಾಗಾಯಿತು.

ಒಳಗಿನ ಮೇಜಿನಲ್ಲಿ ಸಲಾಮತು ಎಂಬ ಗುಮಾಸ್ತೆ ಕೂತಿದ್ದಳು. ತಲೆ ಎತ್ತದೆಯೇ, "ಏನ್ ಬೇಕಿತ್ತು?" ಅಂದಳು.

ಅರಬಾಳ ಮುಖ ಬೂದಿಯಾಯಿತು. ನಮ್ಮಲ್ಲಿ ಬಂದವರನ್ನು ಕೂರಿಸಿ, ನೀರು ಕೊಟ್ಟು, ಆಮೇಲೆ ಬಂದ ಕಾರಣ ಕೇಳುತ್ತಾರೆ. ನೀರು ಕೊಡದೆ ಕೇಳುವವರು ಶತ್ರುಗಳು. "ಎಗ್ಯಾ, ಇವಳಿಗೆ ನಮ್ಮ ಸುದ್ದಿ ಆಗಲೇ ಗೊತ್ತಾಗಿದೆ," ಎಂದು ನನ್ನ ತೋಳು ಹಿಡಿದಳು. ಆಮೇಲೆ ಗುಮಾಸ್ತೆಗೆ, "ನೀರು ಕೊಡಮ್ಮ, ಆಮೇಲೆ ಹೇಳ್ತೀನಿ."

"ಈ ಕೋಣೆಗೆ ನೀರು ತಂದ್ರೆ ನನ್ನ ಕೆಲಸ ಹೋಗುತ್ತೆ ಮಾಮೆ. ಚೀಟಿ ತುಂಬಿಸಿ."

ತುಂಬಿಸಿದೆ. ಕಾದೆವು. ಆ ಕೋಣೆಯಲ್ಲಿ ಇಪ್ಪತ್ತು ಜನ, ಎಲ್ಲರೂ ಜಮೀನಿಗೋ ಊರ ನಾಯಕನ ಪೀಠಕ್ಕೋ ಹೊಡೆದಾಡುತ್ತಿರುವವರು. ಒಬ್ಬೊಬ್ಬರೂ ತಮ್ಮ ಕಡತದ ಮೇಲೆ ಕೋಳಿ ಕಾವಿಗೆ ಕೂತಂತೆ ಬಗ್ಗಿ ಕೂತಿದ್ದರು. ಯಾರೂ ಯಾರ ಹಾಳೆಯತ್ತಲೂ ನೋಡುತ್ತಿರಲಿಲ್ಲ. ಹಾಳೆ ತಿರುವುವ ಸದ್ದು ಬಿಟ್ಟರೆ ಸದ್ದಿಲ್ಲ. ಪಕ್ಕದ ಮುದುಕನೊಬ್ಬ ಒಂದು ಹಾಳೆ ಓದಿ, ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಕಡತ ಅಲ್ಲೇ ಬಿಟ್ಟು ಎದ್ದು ಹೋದ. ವಾಪಸ್ ಬರಲಿಲ್ಲ.

"ನಾವೂ ಹೋಗಿಬಿಡೋಣ," ಅಂದಳು ಅರಬಾ. ಅವಳ ಹಲ್ಲು ಕಟಕಟ ಅನ್ನುತ್ತಿತ್ತು. ಹೊರಗೆ ರಸ್ತೆಯ ಡಾಂಬರು ಕರಗುವ ಬಿಸಿಲು.

ಅಷ್ಟರಲ್ಲಿ ಕಡತ ಬಂತು. ಕಂದು ರಟ್ಟು, ಹುಳು ತಿಂದ ಅಂಚು. ಅರಬಾ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡಳು, ಅದು ಹೆಡೆ ಎತ್ತುತ್ತದೆಯೋ ಎಂಬಂತೆ.

ನಾನು ಕನ್ನಡಕ ಏರಿಸಿ ಹಾಳೆ ತಿರುವಿದೆ. 'ಎಕುವಾ, ಸಾಕ್ಷಿ.' ಬರಹ ಮುತ್ತಿನಂತಿತ್ತು. ಮನಸ್ಸಲ್ಲೇ ಒಂದು ಸಾಲು ಓದಿದೆ. ಎರಡನೆಯದರಲ್ಲಿ 'ಸಲಾಗಾ ಸಂತೆ' ಎಂಬುದು ಕಂಡದ್ದೇ ಅದನ್ನು ಬೆರಳಿಂದ ಮುಚ್ಚಿದೆ. ಉತ್ತರದ ಸಲಾಗಾದಲ್ಲಿ ಹಿಂದೆ ಮನುಷ್ಯರನ್ನು ಮಾರುತ್ತಿದ್ದರೆಂದು ನಮಗೆಲ್ಲ ಗೊತ್ತು. ನಾನು ಓದಿ ಹೇಳಿದರೆ ಅವಳ ಮೂಲವನ್ನು ನಾನೇ ಹೇಳಿದ ಹಾಗೆ. ಆ ಗಳಿಗೆಯಲ್ಲಿ ನನಗೆ ಮೇಜಿನ ಕೆಳಗಿಂದ ಕುರಿಯೊಂದು ಬ್ಯಾ ಅಂದದ್ದು ಕೇಳಿಸಿತು.

"ಏನಂತೆ?" ಅಂದಳು.

"ಅದು... ಬರಹ ಸರಿಯಿಲ್ಲ. ಓದೋಕಾಗ್ತಿಲ್ಲ."

ಅರಬಾ ನನ್ನ ಮುಖ ನೋಡಿದಳು. ಐವತ್ತು ವರ್ಷ ಮೀನಿನ ಕಣ್ಣು ನೋಡಿ ಹಳತು ಹೊಸತು ಹೇಳಿದವಳು. "ಹಾಗಾದ್ರೆ ಅದೇ ಇದೆ," ಎಂದು ಕಣ್ಣು ಮುಚ್ಚಿದಳು.

ಸಲಾಮತು ಎದ್ದು ಬಂದಳು. "ಅಜ್ಜ, ಗೊತ್ತಾಯ್ತು ಬಿಡಿ. ನಿಮ್ಮ ಕರಾವಳಿಯವರೆಲ್ಲ ಇಲ್ಲಿ ಬಂದು ಹೀಗೇ ಮೂಕರಾಗ್ತೀರಿ. ನಾನು ಉತ್ತರದವಳು, ನಿಮ್ಮ ದಂಡ ನನಗೆ ತಾಗಲ್ಲ. ಓದ್ಲಾ ಮಾಮೆ?"

ಅರಬಾ ತಲೆ ಆಡಿಸಿದ್ದು ಹೌದೆಂದೋ ನಡುಕಕ್ಕೋ ತಿಳಿಯಲಿಲ್ಲ. ಸಲಾಮತು ಅವಳ ಕಿವಿಯ ಹತ್ತಿರ ಬಗ್ಗಿ, ಮೆಲ್ಲಗೆ, ನಮ್ಮ ಮಾತಿಗೆ ತಿರುಗಿಸಿ ಓದಿದಳು:

'ಹೆತ್ತವಳ ಹೆಸರು ನನಗೆ ಗೊತ್ತಿಲ್ಲ. ಸಲಾಗಾ ಸಂತೆಯಿಂದ ನನ್ನನ್ನೂ ಅಬಾಳನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ಸಮುದ್ರದವರೆಗೆ ನಡೆಸಿದರು. ಅನ್ಸಾ ಇಬ್ಬರನ್ನೂ ಕೊಂಡ. ಅವನಿಗೆ ಒಡಹುಟ್ಟಿದವರು ಇರಲಿಲ್ಲ. ಹಗ್ಗ ಕೊಯ್ದು, ಇವರು ನನ್ನ ತಂಗಿಯರು, ಈ ಮನೆ ಇವರ ಹೊಟ್ಟೆಯಲ್ಲಿ ಹುಟ್ಟಿದವರದ್ದು ಎಂದು ಹಿರಿಯರ ಮುಂದೆ ಹೇಳಿ ನೆಲಕ್ಕೆ ಮದ್ಯ ಎರೆದ.'

ಅರಬಾ ತನ್ನ ಕುತ್ತಿಗೆ ಸವರಿಕೊಂಡಳು. ಆಮೇಲೆ, "ಅದಕ್ಕೇ ಆಡಿಗೆ ಹಗ್ಗ..." ಅಂದಳು. ಅಷ್ಟೇ.

ಮೊಹರು ಹಾಕಿದ ನಕಲು ಕೈಗೆ ಬಂದ ಮೇಲೆ ಸಲಾಮತು ನಮ್ಮನ್ನು ಹೊರಗೆ ಬೇವಿನ ಮರದ ನೆರಳಿಗೆ ಕರೆದೊಯ್ದಳು. ಅರಬಾಳನ್ನು ಕಲ್ಲಿನ ಮೇಲೆ ಕೂರಿಸಿ ಲೋಟದಲ್ಲಿ ನೀರು ಕೊಟ್ಟಳು. ಕುಡಿಯುವವರೆಗೂ ಕಾದು, "ಈಗ ಹೇಳಿ, ಏನು ಬಂದಿದ್ದು?" ಎಂದಳು. ಅರಬಾ ಆಗ ಅತ್ತಳು. ಹಾಗೆ ಅತ್ತದ್ದನ್ನು ನಾನೆಂದೂ ಕಂಡಿರಲಿಲ್ಲ. ಇದರಲ್ಲಿ ಮಾತ್ರ ಉತ್ಪ್ರೇಕ್ಷೆ ಇಲ್ಲ. ಕಾವಲುಗಾರನಿಂದ ಶೀಷೆ ಇಸಿದುಕೊಂಡು ಮರದ ಬುಡಕ್ಕೆ ಎರೆದಳು, ಎರಡು ಹೆಸರು ಹೇಳಿ.

ಆದರೆ ಹೆದರಿಕೆ ಹೋಗಿರಲಿಲ್ಲ. ಅದೂ ನಮ್ಮ ಜೊತೆ ವ್ಯಾನು ಹತ್ತಿತು. "ಮನೆ ಉಳಿಸೋ ಮಾತೂ ಇದ್ರಲ್ಲೇ ಇದೆ, ಮಾನ ಕಳೆಯೋ ಮಾತೂ ಇದ್ರಲ್ಲೇ ಇದೆ. ಅಂಗಳದಲ್ಲಿ ಓದಿದ್ರೆ ನಾಳೆ ನನ್ನ ಮೊಮ್ಮಗಳನ್ನ ಯಾರು ಮದುವೆ ಆಗ್ತಾರೆ?" ಅಂದಳು.

ಹತ್ತನೆಯ ದಿನ ಬೆಳಿಗ್ಗೆ ಅಂಗಳ ತುಂಬಿತು. ಅರಬಾ ಕಾಗದವನ್ನು ಸೊಂಟದ ಬಟ್ಟೆಗೆ ಸಿಕ್ಕಿಸಿಕೊಂಡು ಬಂದಳು. ಅವಳ ಕಾಲು ನಡುಗುವುದು ಪಕ್ಕದಲ್ಲಿದ್ದ ನನಗೆ ಕಾಣುತ್ತಿತ್ತು. ನನ್ನದು ಅವಳಿಗೆ ಕಾಣುತ್ತಿತ್ತು.

"ಏನಕ್ಕಾ, ಸಿಕ್ತಾ?" ಎಂದ ಎಬೊ, ಹಲ್ಲು ಕಿರಿಯುತ್ತ. "ಓದಿಸು, ಎಲ್ಲರೂ ಕೇಳ್ಲಿ."

"ಇನ್ನೊಬ್ಬರ ಮೂಲ ನಾನು ಹೇಳ್ಬಾರದು, ದಂಡಕ್ಕೆ ನನ್ನ ಹತ್ರ ಕುರಿ ಇಲ್ಲ," ಅಂದಳು ಅರಬಾ. "ನಿನ್ನದನ್ನ ನೀನು ಹೇಳ್ಕೊಂಡ್ರೆ ತಪ್ಪಿಲ್ಲ. ತಗೋ. ಮೊದಲು ಮನಸ್ಸಲ್ಲಿ ಓದು. ಆಮೇಲೆ ಗಟ್ಟಿಯಾಗಿ ಓದ್ಬೇಕು ಅನ್ಸಿದ್ರೆ, ಓದು."

ಎಬೊ ಓದಿದ. ನಗು ಮೊದಲ ಸಾಲಿನ ತನಕ ಇತ್ತು. ಅಬಾಳ ಹೆಸರು ಬಂದಲ್ಲಿ ಅವನ ಕಣ್ಣು ನಿಂತಿತು. ಬೆವರು ಕಾಗದದ ಮೇಲೆ ತೊಟ್ಟಿಕ್ಕಿತು. ಸಿಟ್ಟಿನಲ್ಲಿ ಇವನು ಓದಿಯೇಬಿಟ್ಟರೆ?

"ಏನಿದೆಯೋ?" ಎಂದರು ನಾನಾ ಕ್ವೆಗಿರ್.

"ಬರಹ... ಬರಹ ಸರಿಯಿಲ್ಲ ನಾನಾ. ಕೊನೇದೊಂದು ಸಾಲು ಮಾತ್ರ ಕಾಣುತ್ತೆ. ಮನೆ ಇಬ್ಬರೂ ತಂಗಿಯರ ಮಕ್ಕಳದ್ದು ಅಂತಿದೆ."

ಇದೇ ಸುಳ್ಳನ್ನು ನಾನೂ ಹೇಳಿದ್ದರಿಂದ ನೆಲ ನೋಡಿದೆ.

"ಹಾಗಾದ್ರೆ ಒಲೆ ಅಲ್ಲೇ ಇರ್ಲಿ," ಎಂದರು ನಾನಾ. ಜನ ಎದ್ದರು. ಎಬೊ ಕಾಗದ ಹಿಂದಿರುಗಿಸಿದ. ಆದರೂ ಸುಮ್ಮನೆ ಹೋಗಲು ಅವನಿಗೆ ಮನಸ್ಸಿರಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಗೊಣಗಿದ: "ಒಲೆ ಇಟ್ಕೋ. ನಿನ್ನ ಆಡುಗಳನ್ನಾದ್ರೂ ಇನ್ಮೇಲೆ ಕಟ್ಟಿ ಹಾಕು."

ಅರಬಾಳ ಕಾಲಿನ ನಡುಕ ಆಗ ನಿಂತಿತು.

"ಹಗ್ಗ ನೀನೇ ತಗೊಂಡ್ ಬಾ, ಎಬೊ. ಎರಡು ತರಬೇಡ. ನಮ್ಮ ಕಡೆಗೂ ನಿಮ್ಮ ಕಡೆಗೂ ಒಂದೇ ಸಾಕಾಗುತ್ತೆ."